ಲಕ್ಷ್ಯವೆಂಬ ಸಂಪತ್ತು

“ಲಕ್ಷ್ಯವಿಟ್ಟು ನೋಡಿರಿ” ಎಂಬ ಮಾತನ್ನು ಉಪಾಧ್ಯಾಯಿನಿಯರಾದ ನಾವು ದಿನಕ್ಕೆ ಹಲವು ಬಾರಿ ಹೇಳುತ್ತೇವೆ. ಲಕ್ಷ್ಯವು ಬಾಲಕಿಯ ಸ್ವಂತ ಸಂಪತ್ತು. ಅದನ್ನು ಎಲ್ಲಿ ವ್ಯಯಮಾಡುವಳೋ ಅಲ್ಲಿ ಅವಳ ಬುದ್ಧಿಯು ಬೆಳೆಯುವುದು. ಈಗ ಈ ಸಂಪತ್ತಿಗೂ ಒಂದು ಪೇಟೆ ಏರ್ಪಟ್ಟಿದೆ. ಹತ್ತು ದಿನ ಕುಳಿತು ಬರೆದ ಚಿತ್ರಕ್ಕೆ ಹತ್ತೇ ಲೈಕುಗಳು ಬಂದುವೆಂದು ಕುಂಚವನ್ನು ಕೆಳಗಿಟ್ಟ ಹುಡುಗಿಯರನ್ನು ನಾವು ಬಲ್ಲೆವು. ಆದುದರಿಂದ ಈ ವಿಷಯವನ್ನು ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ವಿವರಿಸುವುದು ಉಚಿತವೆಂದು ಭಾವಿಸುತ್ತೇವೆ.

ತಮ್ಮ ನಡೆ, ನುಡಿ, ಉಡುಗೆಗಳನ್ನು ಮೊಬೈಲಿನ ಪರದೆಯಲ್ಲಿ ತೋರಿಸಿ, ಬಹುಜನರ ಲಕ್ಷ್ಯವನ್ನು ಕೂಡಿಸಿ, ಅದರ ಬಲದಿಂದ ವ್ಯಾಪಾರಿಗಳ ಸರಕನ್ನು ಹೊಗಳಿ ಹಣ ಪಡೆಯುವವರಿಗೆ ಇನ್‌ಫ್ಲುಯೆನ್ಸರ್ ಎಂದು ಹೆಸರು. ಹೀಗೆ ಹಣ ಪಡೆದು ಹೊಗಳುವಾಗ ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ನಿಯಮಮಾಡಿತು. ಇನ್‌ಸ್ಟಾಗ್ರಾಮ್ 2010ರಲ್ಲಿ ಹುಟ್ಟಿದಾಗ ಚಿತ್ರಗಳು ಕಾಲಕ್ರಮದಲ್ಲಿ ಕಾಣುತ್ತಿದ್ದುವು. 2016ರಲ್ಲಿ ಆ ಕ್ರಮವು ಬದಲಾಗಿ, ನೋಡುವವರನ್ನು ಯಾವುದು ಹೆಚ್ಚಾಗಿ ಸೆಳೆಯುವುದೆಂದು ಯಂತ್ರವು ಎಣಿಸುವುದೋ ಅದೇ ಮುಂದಾಗಿ ಕಾಣತೊಡಗಿತು. ಹೀಗಿರುವಲ್ಲಿ ಒಂದು ಚಿತ್ರಕ್ಕೆ ಲೈಕುಗಳು ಕಡಿಮೆಯಾದರೆ ಆ ಚಿತ್ರವು ಕಳಪೆಯೆಂದು ಅರ್ಥವಲ್ಲ. ಅದು ಬಹುಜನರ ಕಣ್ಣಿಗೆ ಬೀಳದೆಯೇ ಹೋಗಿರಬಹುದು.

ಕಲಾಪ್ರದರ್ಶನಗಳಿಗೂ ಈ ಗಾಳಿ ತಗಲಿದೆ. ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರು ರಚಿಸಿದ ಕನ್ನಡಿಯ ಕೋಣೆಗಳಲ್ಲಿ ನಿಂತು ಭಾವಚಿತ್ರ ತೆಗೆದುಕೊಳ್ಳಲು ಜನರು ಸಾಲುಗಟ್ಟುತ್ತಾರೆ. 2015ರಲ್ಲಿ ಲಾಸ್ ಏಂಜಲೀಸಿನ ಬ್ರಾಡ್ ವಸ್ತುಸಂಗ್ರಹಾಲಯದಲ್ಲಿ ಅಂತಹ ಒಂದು ಕೋಣೆಯನ್ನು ತೆರೆದಾಗ, ಒಳಗೆ ನಿಲ್ಲಲು ಕೊಟ್ಟ ಅವಧಿ ಸುಮಾರು 45 ಸೆಕೆಂಡು ಮಾತ್ರ. ಅಷ್ಟರಲ್ಲಿ ಫೋಟೋ ತೆಗೆದವರಿಗೆ ನೋಡಲು ಎಷ್ಟು ಹೊತ್ತು ಉಳಿದೀತು?

ನೋಡುವುದೆಂದರೇನೆಂಬುದಕ್ಕೆ ನಮ್ಮ ನಾಡಿನ ಒಬ್ಬ ಕಲಾವಿದೆಯನ್ನು ನಿದರ್ಶನವಾಗಿ ಹೇಳುತ್ತೇವೆ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನಗಳಲ್ಲಿ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ವ್ಯಾಸಂಗ ಮುಗಿಸಿದರು. ಸೆಗಣಿ, ಕುಂಕುಮ, ಸೂಜಿ, ದಾರ ಮುಂತಾದ ನಿತ್ಯದ ವಸ್ತುಗಳೇ ಅವರ ಕಲೆಗೆ ಸಾಮಗ್ರಿಗಳಾದುವು. ಬೆಂಗಳೂರಿನಲ್ಲಿ ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕೂದಲಿನ ಹುರಿ ಕಟ್ಟುವ ವಾಡಿಕೆಯುಂಟು. ನಾವೆಲ್ಲರೂ ಕಂಡೂ ಕಾಣದಂತೆ ಹಾದುಹೋಗುವ ಆ ಹುರಿಯನ್ನು ಅವರು ಲಕ್ಷ್ಯವಿಟ್ಟು ನೋಡಿದರು. ಸುಮಾರು 4 ಕಿಲೋಮೀಟರು ಉದ್ದದ ಕೂದಲಿನ ಹುರಿಯಿಂದಲೂ ಉಕ್ಕಿನ ಬಂಪರುಗಳಿಂದಲೂ ಅವರು ರಚಿಸಿದ ‘ಬಿಹೋಲ್ಡ್’ ಎಂಬ ಕೃತಿಯು 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾಯಿತು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ದೊರೆಯಿತು. ಲಂಡನ್ನಿನ ವ್ಯಾಸಂಗಕ್ಕೂ ವೆನಿಸ್ಸಿಗೂ ನಡುವೆ 23 ವರ್ಷಗಳ ದುಡಿಮೆಯಿದೆಯೆಂಬುದನ್ನು ನಮ್ಮ ಬಾಲಕಿಯರು ಮರೆಯಬಾರದು. ಅವರು ಮೊದಲು ಲಕ್ಷ್ಯವನ್ನು ಕೊಟ್ಟರು. ಲೋಕದ ಲಕ್ಷ್ಯವು ಆಮೇಲೆ ಬಂದಿತು.

“ಹಾಗಾದರೆ ನಮ್ಮ ಮಗಳಿಗೆ ದಾರಿ ಯಾವುದು?” ಎಂದು ತಂದೆತಾಯಿಗಳು ಕೇಳುವುದು ನ್ಯಾಯವೇ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ತಮ್ಮ ಚಿತ್ರಗಳನ್ನು ಜನರಿಗೆ ನೇರವಾಗಿ ಮಾರುತ್ತಾರೆ. 2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆಯಲ್ಲಿ ಕಲಾಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕ ಪ್ರದರ್ಶನವುಂಟು. ದೆಹಲಿಯ ಖೋಜ್ ಸಂಸ್ಥೆಯು ತರುಣ ಕಲಾವಿದರು ಕೆಲವು ವಾರ ತಂಗಿ ಕೆಲಸಮಾಡಲು ಅವಕಾಶ ಕೊಡುತ್ತ ಬಂದಿದೆ. ಪರದೆಯ ಮೇಲೆ ಚಿತ್ರವನ್ನು ತೋರಿಸುವುದೂ ತಪ್ಪಲ್ಲ. ದೂರದ ಊರಿನ ಬಾಲಕಿಗೆ ಅದೇ ಮೊದಲ ಪ್ರದರ್ಶನವಾಗಬಹುದು. ಆದರೆ ಅಲ್ಲಿನ ಎಣಿಕೆಯನ್ನು ಪರೀಕ್ಷೆಯ ಅಂಕವೆಂದು ತಿಳಿಯಲಾಗದು.

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಮಗಳು ಚಿತ್ರ ಬರೆದು ತಂದಾಗ ಎಷ್ಟು ಜನ ಮೆಚ್ಚಿದರೆಂದು ಕೇಳದೆ, ಅವಳು ಏನನ್ನು ಕಂಡಳೆಂದು ಕೇಳಿರಿ, ಕೈಯಲ್ಲಿನ ಫೋನನ್ನು ಕೆಳಗಿಟ್ಟು ಐದು ನಿಮಿಷ ಆ ಚಿತ್ರವನ್ನು ನೋಡಿರಿ. ಪಟ್ಟಣಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆಯಾದರೂ ಒಬ್ಬ ಬಾಲಕಿಯನ್ನು ಪ್ರದರ್ಶನಕ್ಕೆ ಕರೆದೊಯ್ಯುವುದಾದರೆ, ಅದಕ್ಕಿಂತ ದೊಡ್ಡ ಕಾಣಿಕೆಯನ್ನು ಈ ಶಾಲೆಯು ಬಯಸುವುದಿಲ್ಲ.