ಹಳದಿ ಚೌಕದೊಳಗಿನ ನೀಲಿ

ಮೊನ್ನೆ ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬು ಆರಿಹೋಯಿತು. ಹೋಲ್ಡರಿನಿಂದ ತೆಗೆದು, ಮೇಲಿನ ಬಿಳಿ ಬುರುಡೆಯನ್ನು ತಿರುಚಿ ಬಿಚ್ಚಿದೆ. ಒಳಗೊಂದು ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ಸುತ್ತಲೂ ಹಳದಿ ಚೌಕಗಳು. ಒಂದು ಚೌಕದ ನಡುವೆ ಮಾತ್ರ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ. ಚೌಕಗಳನ್ನು ಸರಪಣಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಕಡಿದರೂ ಅಷ್ಟೂ ಆರುತ್ತವೆ.

ಈ ಚೌಕಕ್ಕೆ ಪೇಟೆಯಲ್ಲಿ 2835 ಎಂದು ಹೆಸರು, 2.8 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಉದ್ದ. ಕಣ್ಣಿಗೆ ಕಾಣುವ ಹಳದಿ ಬರೀ ಹೊದಿಕೆ. ಅದರಡಿ ಕುಳಿತ ಚಿಪ್ ಸೂಸುವುದು ನೀಲಿ ಬೆಳಕು. ಹೊದಿಕೆಯಲ್ಲಿರುವ ಸೀರಿಯಂ ಬೆರೆತ ಪುಡಿ ಆ ನೀಲಿಯಲ್ಲಿ ಒಂದು ಪಾಲು ಹೀರಿಕೊಂಡು ಹಳದಿಯಾಗಿ ಹೊರಬಿಡುತ್ತದೆ. ಹಳದಿಯೂ ಉಳಿದ ನೀಲಿಯೂ ಬೆರೆತು ನಮಗೆ ಬಿಳಿಯಾಗಿ ಕಾಣುತ್ತದೆ.

ಚಿಪ್ಪಿನ ಹುಟ್ಟು ಸಫೈರ್ ಬಿಲ್ಲೆಯ ಮೇಲೆ. ಸಫೈರ್ ಎಂದರೆ ಒಡವೆಯ ನೀಲಮಣಿಯೇ. ಕಬ್ಬಿಣ, ಟೈಟಾನಿಯಂ ಸೇರದ ಕಾರಣ ಇದಕ್ಕೆ ಬಣ್ಣವಿಲ್ಲ. ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಬಿಸಿಯ ಕುಲುಮೆಯಲ್ಲಿ ಈ ಬಿಲ್ಲೆಯ ಮೇಲೆ ಗ್ಯಾಲಿಯಂ ಇರುವ ಆವಿಯನ್ನೂ ಅಮೋನಿಯಾವನ್ನೂ ಹರಿಸುತ್ತಾರೆ. ದಾರದ ಮೇಲೆ ಕಲ್ಲುಸಕ್ಕರೆ ಕಟ್ಟಿದಂತೆ ಗ್ಯಾಲಿಯಂ ನೈಟ್ರೈಡಿನ ಹರಳು ಪದರ ಪದರವಾಗಿ ಬೆಳೆಯುತ್ತದೆ. ಆದರೆ ಎರಡು ಹರಳುಗಳ ಪರಮಾಣುಗಳ ನಡುವಿನ ಅಂತರ ಶೇ. 16ರಷ್ಟು ಬೇರೆ. ಹೀಗಾಗಿ ಬೆಳೆದ ಹರಳು ಬಿರುಕು ಬಿಡುತ್ತಿತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ 1986ರಲ್ಲಿ ನಡುವೆ ಅಲ್ಯೂಮಿನಿಯಂ ನೈಟ್ರೈಡಿನ ತೆಳು ಪದರ ಹಾಕಿ ಹರಳನ್ನು ಹದಕ್ಕೆ ತಂದರು. ಅನಾನ್ ಪಟ್ಟಣದ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರಾ ಕುಲುಮೆಯನ್ನೇ ತನ್ನ ಕೈಯಾರೆ ಮಾರ್ಪಡಿಸಿಕೊಂಡು ದುಡಿದರು. 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಹೊರಬಂತು. 2014ರ ಭೌತವಿಜ್ಞಾನದ ನೊಬೆಲ್ ಮೂವರಿಗೂ ಸಂದಿತು.

ಬೆಳಕು ಹುಟ್ಟುವ ಪದರಗಳ ದಪ್ಪ ಎರಡು ಮೂರು ನ್ಯಾನೋಮೀಟರ್ ಮಾತ್ರ. ಅವುಗಳಲ್ಲಿ ಬೆರೆತ ಇಂಡಿಯಂ ಹೆಚ್ಚಾದರೆ ನೀಲಿ ಹಸಿರಿನತ್ತ ಸರಿಯುತ್ತದೆ. ಕುಲುಮೆಯ ಬಿಸಿ ಬಿಲ್ಲೆಯ ನಡುವೆ ಒಂದು, ಅಂಚಿನಲ್ಲಿ ಇನ್ನೊಂದು ಆದರೂ ಸಾಕು, ಬಣ್ಣ ಬೇರೆಯಾಗುತ್ತದೆ. ಆದ್ದರಿಂದ ಒಂದೇ ಬಿಲ್ಲೆಯ ಚಿಪ್‌ಗಳೂ ಒಂದೇ ಥರ ಇರುವುದಿಲ್ಲ. ನಾಲ್ಕಂಗುಲದ ಬಿಲ್ಲೆಯನ್ನು ಲೇಸರಿನಿಂದ ಗೀರಿ ಸೀಳಿದರೆ ಹತ್ತಾರು ಸಾವಿರ ಚಿಪ್ ಸಿಗುತ್ತವೆ. ಅವನ್ನು ಅಂಟುಹಾಳೆಯ ಮೇಲಿಟ್ಟು ಹಾಳೆಯನ್ನೇ ಎಳೆದು ಬಿಡಿಬಿಡಿಯಾಗಿಸುತ್ತಾರೆ. ಸೂಜಿ ತಾಗಿಸಿ ಒಂದೊಂದನ್ನೂ ಬೆಳಗಿಸಿ, ಬಣ್ಣ, ಪ್ರಖರತೆ, ವೋಲ್ಟೇಜ್ ನೋಡಿ ಗುಂಪು ಮಾಡುತ್ತಾರೆ. ಈ ಗುಂಪಿಗೆ ಬಿನ್ ಎನ್ನುತ್ತಾರೆ.

ಇಲ್ಲಿಂದ ಮುಂದಿನದು ಪ್ಯಾಕೇಜಿಂಗ್. ಹೆಸರು ಕೇಳಿದರೆ ಡಬ್ಬಿಗೆ ತುಂಬುವ ಕೆಲಸವೆನಿಸುತ್ತದೆ. ಆದರೆ ಬಲ್ಬು ಎಷ್ಟು ದಿನ ಬಾಳುತ್ತದೆ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಬೆಳ್ಳಿಲೇಪದ ತಾಮ್ರದ ತಗಡನ್ನು ತಳದಲ್ಲಿ ಕೂರಿಸಿದ ಬಿಳಿ ಪ್ಲಾಸ್ಟಿಕ್ ಬಟ್ಟಲಿಗೆ ಯಂತ್ರ ಒಂದು ತೊಟ್ಟು ಅಂಟು ಹಾಕಿ ಚಿಪ್ ಕೂರಿಸುತ್ತದೆ. ನಂತರ ತಂತಿ. ಚಿನ್ನದ ಈ ಎಳೆಯ ದಪ್ಪ ಸುಮಾರು 25 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಕಿಡಿಯೊಂದು ಅದರ ತುದಿಯನ್ನು ಕರಗಿಸಿ ಗುಂಡಾಗಿಸುತ್ತದೆ. ಆ ಗುಂಡನ್ನು ಚಿಪ್ಪಿನ ಮೇಲೆ ಒತ್ತಿ, ಬಿಸಿ ಮತ್ತು ಶ್ರವಣಾತೀತ ಕಂಪನದಿಂದ ಬೆಸೆದು, ಎಳೆಯನ್ನು ಕಮಾನಿನಂತೆ ಬಾಗಿಸಿ ತಗಡಿಗೆ ಅಂಟಿಸಿ ಕತ್ತರಿಸುತ್ತಾರೆ. ಇಷ್ಟೂ ಆಗಲು ಒಂದು ಸೆಕೆಂಡೂ ಬೇಡ. ಕಮಾನು ಅಂದಕ್ಕಾಗಿ ಇಟ್ಟದ್ದಲ್ಲ. ಬಲ್ಬು ಹೊತ್ತಿದಾಗ ಮೇಲಿನ ಸಿಲಿಕೋನ್ ಹೊದಿಕೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಬಿಗಿದು ಕಟ್ಟಿದ ತಂತಿಯಾದರೆ ಆ ಎಳೆದಾಟಕ್ಕೆ ತುಂಡಾಗುತ್ತದೆ. ಖರ್ಚು ಉಳಿಸಲು ಚಿನ್ನದ ಬದಲು ತಾಮ್ರವನ್ನೋ ಬೆಳ್ಳಿಯ ಮಿಶ್ರಲೋಹವನ್ನೋ ಬಳಸುವುದೂ ಉಂಟು.

ಕೊನೆಗೆ ಹಳದಿ ಪುಡಿ ಬೆರೆಸಿದ ಸಿಲಿಕೋನನ್ನು ಬಟ್ಟಲಿಗೆ ತೊಟ್ಟಿಕ್ಕಿಸಿ ಒಲೆಯಲ್ಲಿ ಗಟ್ಟಿಯಾಗಿಸುತ್ತಾರೆ. ಪುಡಿ ತಳ ಹಿಡಿದರೆ ಬಿಳಿಯ ಛಾಯೆಯೇ ಕೆಡುವುದರಿಂದ ಕಲಸುವುದಕ್ಕೂ ಹೊತ್ತಿನ ಲೆಕ್ಕವುಂಟು. ಸಿದ್ಧವಾದ ಚೌಕಗಳನ್ನು ಮತ್ತೆ ಬೆಳಗಿಸಿ ನೋಡಿ, ಬಿನ್ ಪ್ರಕಾರ ಸಣ್ಣ ಗುಳಿಗಳಿರುವ ಪಟ್ಟಿಗೆ ತುಂಬಿ ರೀಲು ಸುತ್ತುತ್ತಾರೆ. ರೀಲಿನ ಚೀಲದಲ್ಲಿ ತೇವ ಹೀರುವ ಪೊಟ್ಟಣವೂ ಇರುತ್ತದೆ. ಚೌಕದೊಳಗೆ ತೇವ ಉಳಿದರೆ ಬೆಸುಗೆಯ ಒಲೆಯಲ್ಲಿ ಅದು ಆವಿಯಾಗಿ ಪ್ಯಾಕೇಜನ್ನೇ ಸೀಳಿಬಿಡುತ್ತದೆ.

ನನ್ನ ಬಲ್ಬಿನ ಕಪ್ಪು ಚುಕ್ಕೆ ಬಿಸಿಯ ಗುರುತು. ಚಿಪ್ಪಿನ ಬಿಸಿ ಅಂಟು ಮತ್ತು ತಗಡು ದಾಟಿ ಅಲ್ಯೂಮಿನಿಯಂ ಬಿಲ್ಲೆಗೆ ಇಳಿಯಬೇಕು. ಆ ದಾರಿ ಕಟ್ಟಿದರೆ, ಅಥವಾ ಕರೆಂಟು ಮಿತಿಮೀರಿದರೆ, ಚಿಪ್ಪಿನ ಮೇಲಿನ ಹೊದಿಕೆ ಸುಟ್ಟು ಕರಿಯಾಗುತ್ತದೆ.

ಬಿಲ್ಲೆಯನ್ನು ನಮ್ಮ ಬೀದಿಯ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಅದನ್ನು ಅಡಿಯಿಂದ ಕಾಯಿಸಿ, ಸತ್ತ ಚೌಕವನ್ನು ಚಿಮಟದಲ್ಲಿ ಎತ್ತಿ, ರೀಲಿನಿಂದ ಹೊಸದೊಂದು ತೆಗೆದು ಇಟ್ಟ. ಸ್ವಿಚ್ ಹಾಕಿದಾಗ ಎಲ್ಲವೂ ಹೊತ್ತಿಕೊಂಡವು. ಬುರುಡೆ ಮುಚ್ಚುವ ಮೊದಲು ಕಣ್ಣು ಕಿರಿದು ಮಾಡಿ ನೋಡಿದೆ: ಹೊಸ ಚೌಕ ತನ್ನ ನೆರೆಯವಕ್ಕಿಂತ ತುಸು ನೀಲಿಯಾಗಿತ್ತು, ಬೇರೊಂದು ಬಿನ್ನಿನದು.