ಹಳೆಯ ವಿಡಿಯೊ ಗೇಮ್‌ಗೆ ತಕ್ಕ ಪರದೆ ಯಾವುದು?

ಅಟ್ಟದ ಮೇಲಿದ್ದ ಹಳೆಯ ವಿಡಿಯೊ ಗೇಮ್ ಯಂತ್ರವನ್ನು ಕೆಳಗಿಳಿಸಿ, ಧೂಳು ಒರೆಸಿ, ಹೊಸ ಟಿ.ವಿ.ಗೆ ಜೋಡಿಸಿದವರು ಸಾಮಾನ್ಯವಾಗಿ ಮೂರು ದೂರು ಹೇಳುತ್ತಾರೆ. ಚಿತ್ರ ಮಸುಕಾಗಿದೆ, ಗುಂಡಿ ಒತ್ತಿದ ಮೇಲೆ ಗೊಂಬೆ ತಡವಾಗಿ ನೆಗೆಯುತ್ತದೆ, ಇಲ್ಲವೆ ಪರದೆಯ ಮೇಲೆ ಏನೂ ಮೂಡುವುದೇ ಇಲ್ಲ. ಯಂತ್ರವೇ ಕೆಟ್ಟಿದೆ ಎಂದು ತೀರ್ಮಾನಿಸಿ ಗುಜರಿಗೆ ಹಾಕುವವರೂ ಉಂಟು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ಅದು ಆಡುವ ಭಾಷೆ ಹೊಸ ಟಿ.ವಿ.ಗೆ ಅರ್ಥವಾಗುವುದಿಲ್ಲ, ಅಷ್ಟೆ. ನಡುವೆ ಒಬ್ಬ ದುಭಾಷಿ ಬೇಕು. ಇಲ್ಲವೆ ಆ ಭಾಷೆ ಬಲ್ಲ ಹಳೆಯ ಟಿ.ವಿ.ಯೇ ಬೇಕು. ಎರಡರಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಹಳೆಯ ಟಿ.ವಿ. ಚಿತ್ರ ಬರೆಯುವ ಬಗೆ

ಪಿಕ್ಚರ್ ಟ್ಯೂಬ್ ಇರುವ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವು ಪರದೆಯ ಒಳಮೈಯ ಲೇಪದ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತ ಮೇಲಿನಿಂದ ಕೆಳಗಿಳಿಯುತ್ತದೆ. ಭಾರತದಲ್ಲಿ ಬಣ್ಣದ ಪ್ರಸಾರ 1982ರಲ್ಲಿ ಆರಂಭವಾದಾಗ ನಾವು ಆರಿಸಿಕೊಂಡದ್ದು ಪಾಲ್ ಪದ್ಧತಿ. ಅದರಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಗೆರೆಗಳು. ಜಪಾನ್, ಅಮೆರಿಕಗಳ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 525. ಈ ಗೆರೆಗಳನ್ನು ಒಂದೇ ಸಲಕ್ಕೆ ಎಳೆಯುವುದಿಲ್ಲ. ಮೊದಲ ಸುತ್ತಿನಲ್ಲಿ ಬೆಸ ಗೆರೆಗಳು, ಎರಡನೆಯ ಸುತ್ತಿನಲ್ಲಿ ಅವುಗಳ ನಡುವಿನ ಸಮ ಗೆರೆಗಳು. ಪಾಲ್‌ನಲ್ಲಿ ಸೆಕೆಂಡಿಗೆ 50 ಸುತ್ತು, ಎನ್.ಟಿ.ಎಸ್.ಸಿ.ಯಲ್ಲಿ ಸುಮಾರು 60 ಸುತ್ತು. ಇದಕ್ಕೆ ಇಂಟರ್ಲೇಸ್ ಎಂದು ಹೆಸರು.

ಎನ್.ಟಿ.ಎಸ್.ಸಿ.ಯಲ್ಲಿ ಒಂದು ಸುತ್ತಿಗೆ ಇನ್ನೂರ ಅರವತ್ತೆರಡೂವರೆ ಗೆರೆ. ಆ ಅರ್ಧ ಗೆರೆಯಿಂದಾಗಿಯೇ ಎರಡನೆಯ ಸುತ್ತು ಮೊದಲನೆಯದರ ಸಂದಿನಲ್ಲಿ ಬೀಳುತ್ತದೆ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್, ಸೆಗಾ ಕಂಪನಿಯ 1988ರ ಮೆಗಾಡ್ರೈವ್ ಮೊದಲಾದ ಯಂತ್ರಗಳು ಇಲ್ಲಿ ಒಂದು ಜಾಣತನ ಮಾಡಿದವು. ಅರ್ಧ ಗೆರೆಯನ್ನು ಬಿಟ್ಟು, ಸುತ್ತಿಗೆ ಸರಿಯಾಗಿ 262 ಗೆರೆ ಕಳಿಸಿದವು. ಆಗ ಪ್ರತಿ ಸುತ್ತೂ ಹಿಂದಿನ ಗೆರೆಗಳ ಮೇಲೆಯೇ ಬೀಳುತ್ತದೆ. ಚಿತ್ರ ಅದುರುವುದಿಲ್ಲ, ಚಲನೆ ನುಣುಪಾಗಿರುತ್ತದೆ, ಗೆರೆಗಳ ನಡುವೆ ತೆಳುವಾದ ಕಪ್ಪು ಸಂದು ಉಳಿಯುತ್ತದೆ. ಇವುಗಳಲ್ಲಿ ಚಿತ್ರವಿರುವ ಗೆರೆಗಳು ಸುಮಾರು 240. ಆದ್ದರಿಂದ ಈ ಬಗೆಯ ಸಂಕೇತಕ್ಕೆ 240ಪಿ ಎಂಬ ಹೆಸರು ಬಿದ್ದಿದೆ. 1990ರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಮಾರಾಟವಾದ ಎಷ್ಟೋ ವಿಡಿಯೊ ಗೇಮ್‌ಗಳು ಫ್ಯಾಮಿಕಾಮ್‌ನ ನಕಲುಗಳೇ ಆದ್ದರಿಂದ, ಈ ಮಾತು ಅವಕ್ಕೂ ಅನ್ವಯಿಸುತ್ತದೆ.

ಹೊಸ ಟಿ.ವಿ. ಎಡವುವುದು ಎಲ್ಲಿ?

ಹೊಸ ಚಪ್ಪಟೆ ಟಿ.ವಿ.ಯಲ್ಲಿ ಕಿರಣವೂ ಇಲ್ಲ, ಗೆರೆಯೂ ಇಲ್ಲ. ಲೆಕ್ಕಕ್ಕೆ ಕಟ್ಟಿಟ್ಟ ಚುಕ್ಕೆಗಳ ಜಾಲರಿ ಮಾತ್ರ ಇದೆ. ಹಳದಿ ಪಿನ್ನಿನ ತಂತಿಯಲ್ಲಿ ಬಂದ ಸಂಕೇತವನ್ನು ಅನೇಕ ಹೊಸ ಟಿ.ವಿ.ಗಳು ಇಂಟರ್ಲೇಸ್ ಆದ ಸಾಧಾರಣ ಪ್ರಸಾರವೆಂದೇ ಭಾವಿಸುತ್ತವೆ. ಹೀಗಾಗಿ, ಒಂದರ ಹಿಂದೊಂದು ಬಂದ ಎರಡು ಬೇರೆ ಬೇರೆ ಚಿತ್ರಗಳನ್ನು ಒಂದೇ ಚಿತ್ರದ ಎರಡು ಅರ್ಧಗಳೆಂದು ಹೆಣೆದುಬಿಡುತ್ತವೆ. ಓಡುವ ಗೊಂಬೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು ಇದರಿಂದಲೇ. ಪೆಟ್ಟು ತಿಂದ ಗೊಂಬೆ ಮಿನುಗಬೇಕಾದಲ್ಲಿ ಕಾಣದೆಯೇ ಹೋಗಬಹುದು. ಏಕೆಂದರೆ ಒಂದು ಸುತ್ತಿನಲ್ಲಿ ತೋರಿಸಿ ಮುಂದಿನದರಲ್ಲಿ ಅಡಗಿಸುವುದೇ ಆ ಮಿನುಗಿನ ಗುಟ್ಟು.

ಇನ್ನೊಂದು ಸೂಕ್ಷ್ಮವೂ ಇದೆ. ಅಂದಿನ ಚಿತ್ರಕಾರರು ಹಳೆಯ ಪರದೆಯ ಮಸುಕನ್ನೇ ಕುಂಚವಾಗಿ ಬಳಸಿಕೊಂಡಿದ್ದರು. 1991ರ ಸೋನಿಕ್ ಆಟದ ಮೊದಲ ಹಂತದಲ್ಲಿ ಬರುವ ಜಲಪಾತವನ್ನು ಒಂದು ಬಿಟ್ಟು ಒಂದರಂತೆ ನಿಂತ ಉದ್ದುದ್ದ ಪಟ್ಟಿಗಳಾಗಿ ಬರೆದಿದ್ದಾರೆ. ಕಾಂಪೋಸಿಟ್ ತಂತಿಯಲ್ಲಿ ಹಾಯ್ದು ಹಳೆಯ ಟಿ.ವಿ.ಗೆ ಬಂದಾಗ ಆ ಪಟ್ಟಿಗಳು ಒಂದರೊಳಗೊಂದು ಕಲೆತು ಪಾರದರ್ಶಕವಾದ ನೀರಾಗುತ್ತವೆ. ಅದನ್ನೇ ಅತಿ ಸ್ಪಷ್ಟವಾದ ಪರದೆಯಲ್ಲಿ ನೋಡಿದರೆ ನೀರಿನ ಬದಲು ಕಿಟಕಿಯ ಸರಳು ಕಾಣುತ್ತದೆ. ಆದ್ದರಿಂದ ಸ್ಪಷ್ಟತೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ.

ತಡವೆಂಬ ತೊಡಕು

ಚಿತ್ರದ ಅಂದಕ್ಕಿಂತ ಮುಖ್ಯವಾದದ್ದು ಸಮಯ. ಸೆಕೆಂಡಿಗೆ 60 ಚಿತ್ರಗಳಾದರೆ ಒಂದಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್. ಹೊಸ ಟಿ.ವಿ.ಯು ಚಿತ್ರವನ್ನು ತುಂಬಿಟ್ಟುಕೊಂಡು, ಹೆಣೆದು, ಹಿಗ್ಗಿಸಿ, ಬಣ್ಣ ತಿದ್ದಿ ತೋರಿಸುವ ಹೊತ್ತಿಗೆ 100 ಮಿಲಿಸೆಕೆಂಡ್ ಕಳೆದರೆ, ಆಟಗಾರನು ನೋಡುತ್ತಿರುವುದು ಆರು ಚಿತ್ರಗಳಷ್ಟು ಹಿಂದಿನ ಸಂಗತಿಯನ್ನು. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಹಳ್ಳದ ಅಂಚಿನಲ್ಲಿ ನೆಗೆಯಬೇಕಾದ ಮಾರಿಯೊಗೆ ಮಾತ್ರ ಪ್ರಾಣಸಂಕಟ. ಚಿಕ್ಕಂದಿನಲ್ಲಿ ಲೀಲಾಜಾಲವಾಗಿ ದಾಟುತ್ತಿದ್ದ ಹಂತವನ್ನು ಈಗ ದಾಟಲಾಗದೆ, ‘ನನಗೆ ವಯಸ್ಸಾಯಿತು’ ಎಂದು ನಿಟ್ಟುಸಿರು ಬಿಡುವವರು ಮೊದಲು ಟಿ.ವಿ.ಯನ್ನು ಅನುಮಾನಿಸುವುದು ಒಳ್ಳೆಯದು.

ಖರ್ಚಿಲ್ಲದ ಪರಿಹಾರವೊಂದಿದೆ. ಟಿ.ವಿ.ಯ ಚಿತ್ರ ಹೊಂದಾಣಿಕೆಯಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನು ಆರಿಸಿ. ಚಿತ್ರವನ್ನು ಚೆಂದಗಾಣಿಸುವ ಹಲವು ಕೆಲಸಗಳನ್ನು ಟಿ.ವಿ. ಆಗ ಕೈಬಿಡುತ್ತದೆ, ತಡ ಬಹಳಷ್ಟು ತಗ್ಗುತ್ತದೆ. ಬೇರೆ ಏನನ್ನಾದರೂ ಕೊಳ್ಳುವ ಮುನ್ನ ಇದನ್ನು ಮಾಡಿ ನೋಡಬೇಕು.

ಹಳೆಯ ಟಿ.ವಿ.ಯನ್ನೇ ಇಟ್ಟುಕೊಳ್ಳಬೇಕೆ?

ಮನೆಯಲ್ಲಿ ಸುಸ್ಥಿತಿಯಲ್ಲಿರುವ ಪಿಕ್ಚರ್ ಟ್ಯೂಬ್ ಟಿ.ವಿ. ಇದ್ದರೆ, ಇಡಲು ಜಾಗವೂ ಇದ್ದರೆ, ಅದನ್ನು ಬಿಸಾಡಬೇಡಿ ಎಂಬುದೇ ಮೊದಲ ಸಲಹೆ. ತಡವಿಲ್ಲ, ಹೊಂದಾಣಿಕೆಯ ತಲೆನೋವಿಲ್ಲ. ಬಾತುಕೋಳಿಗೆ ಗುರಿಯಿಡುವ ಡಕ್ ಹಂಟ್‌ನಂಥ ಆಟ ನಿಮಗೆ ಇಷ್ಟವಾದರೆ ಬೇರೆ ದಾರಿಯೇ ಇಲ್ಲ. ಅದರ ಪಿಸ್ತೂಲು ಗುಂಡು ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಕುದುರೆ ಎಳೆದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಆ ಬೆಳಕು ಆ ಕ್ಷಣದಲ್ಲೇ ಪಿಸ್ತೂಲಿನ ಕಣ್ಣಿಗೆ ಬಿದ್ದರೆ ಗುರಿ ಸರಿ. ಹೊಸ ಟಿ.ವಿ.ಯಲ್ಲಿ ಬಿಳಿ ಚೌಕ ತಡವಾಗಿ ಬರುವುದರಿಂದ ಎಂಥ ಗುರಿಕಾರನೂ ಸೋಲುತ್ತಾನೆ.

ಹಳೆಯದನ್ನು ಕೊಳ್ಳಹೊರಟವರು ಕೆಲವು ವಿಷಯ ಗಮನಿಸಬೇಕು. 100 ಹರ್ಟ್ಸ್ ಎಂದು ಬರೆದಿರುವ ಕೊನೆಕಾಲದ ಮಾದರಿಗಳು ಚಿತ್ರವನ್ನು ಒಳಗೇ ಸಂಸ್ಕರಿಸುವುದರಿಂದ ಅವೂ ತಡ ಮಾಡುತ್ತವೆ, ಅವು ಬೇಡ. ಡಿ.ವಿ.ಡಿ. ಕಾಲದಲ್ಲಿ ಬಂದ, ಹಸಿರು, ನೀಲಿ, ಕೆಂಪು ಬಣ್ಣದ ಮೂರು ಕಾಂಪೊನೆಂಟ್ ತೂತುಗಳಿರುವ ಟಿ.ವಿ. ಸಿಕ್ಕರೆ ಬಹಳ ಒಳ್ಳೆಯದು. ಪಾಲ್ ಮಾತ್ರ ಬಲ್ಲ ಟಿ.ವಿ.ಯಲ್ಲಿ ಜಪಾನ್ ಅಥವಾ ಅಮೆರಿಕದಿಂದ ತಂದ ಯಂತ್ರದ ಚಿತ್ರ ಕಪ್ಪು ಬಿಳುಪಾಗಿ ಕಾಣಬಹುದು. ನಿಮ್ಮ ಯಂತ್ರವನ್ನೇ ಕೊಂಡೊಯ್ದು ಜೋಡಿಸಿ, ನೋಡಿ, ಆಮೇಲೆ ದುಡ್ಡು ಕೊಡಿ.

ಒಂದು ಎಚ್ಚರಿಕೆ: ಬಣ್ಣದ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ತು ಬೇಕು. ಸ್ವಿಚ್ ಆರಿಸಿದ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಹಿಂಬದಿಯ ಮುಚ್ಚಳ ತೆಗೆಯುವುದು ತರಬೇತಾದ ರಿಪೇರಿಯವರ ಕೆಲಸ. ಟ್ಯೂಬಿನ ಗಾಜಿನಲ್ಲಿ ಸೀಸ ಇರುವುದರಿಂದ, ಕೆಟ್ಟ ಟಿ.ವಿ.ಯನ್ನು ಬೀದಿಯ ಕಸಕ್ಕೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ಮೊದಲು ತಂತಿ, ಆಮೇಲೆ ಪೆಟ್ಟಿಗೆ

ಹೊಸ ಟಿ.ವಿ.ಯಲ್ಲೇ ಆಡುವುದಾದರೆ ನಡುವೆ ಅಪ್‌ಸ್ಕೇಲರ್ ಎಂಬ ಪೆಟ್ಟಿಗೆ ಬೇಕು. ಹಳೆಯ ಸಂಕೇತವನ್ನು ಸರಿಯಾಗಿ ಗುರುತಿಸಿ, ಹಿಗ್ಗಿಸಿ, ಎಚ್.ಡಿ.ಎಂ.ಐ. ಮೂಲಕ ಟಿ.ವಿ.ಗೆ ಕೊಡುವುದು ಅದರ ಕೆಲಸ. ಆದರೆ ಬಾವಿಯಲ್ಲಿ ಇದ್ದದ್ದು ತಾನೆ ಕೊಡಕ್ಕೆ ಬರಬೇಕು? ಆದ್ದರಿಂದ ಪೆಟ್ಟಿಗೆ ಆರಿಸುವ ಮೊದಲು ಯಂತ್ರ ಎಂಥ ಸಂಕೇತ ಕೊಡಬಲ್ಲದು ಎಂದು ತಿಳಿಯಬೇಕು.

ಆಂಟೆನಾ ತಂತಿಯ ಸಂಕೇತ ಎಲ್ಲಕ್ಕಿಂತ ಕೆಳಮಟ್ಟದ್ದು. ಬೆಳಕು, ಬಣ್ಣ ಎರಡನ್ನೂ ಒಂದೇ ಹಳದಿ ಪಿನ್ನಿನಲ್ಲಿ ಬೆರೆಸಿ ಕಳಿಸುವ ಕಾಂಪೋಸಿಟ್ ಅದಕ್ಕಿಂತ ಮೇಲು. ಇವೆರಡನ್ನೂ ಬೇರ್ಪಡಿಸುವ ಎಸ್-ವಿಡಿಯೊ ಇನ್ನೂ ಮೇಲು. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಒಯ್ಯುವ ಆರ್.ಜಿ.ಬಿ. ಮತ್ತು ಅದರ ಸಮೀಪದ ಕಾಂಪೊನೆಂಟ್ ಉತ್ತಮ. ಮೆಗಾಡ್ರೈವ್ ಮತ್ತು 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್‌ಗಳಿಗೆ ತಕ್ಕ ತಂತಿ ಹಾಕಿದರೆ ಸಾಕು, ಆರ್.ಜಿ.ಬಿ. ಸಿಗುತ್ತದೆ. ಮೂಲ ಫ್ಯಾಮಿಕಾಮ್ ಆಂಟೆನಾ ಸಂಕೇತ ಮಾತ್ರ ಕೊಡುತ್ತದೆ. ಅದರ ಅಮೆರಿಕದ ರೂಪವಾದ ಎನ್.ಇ.ಎಸ್.ನ ಮೊದಲ ಮಾದರಿಯಲ್ಲಿ ಕಾಂಪೋಸಿಟ್ ಇದೆ. ಅದರಿಂದಾಚೆಗೆ ಬೇಕೆಂದರೆ ಯಂತ್ರವನ್ನೇ ಬಿಚ್ಚಿ ಮಾರ್ಪಡಿಸಬೇಕು.

ಪೆಟ್ಟಿಗೆಗಳಲ್ಲಿ ಬಗೆಗಳು

ನಮ್ಮಲ್ಲಿ ಸುಲಭವಾಗಿ ಸಿಗುವುದು ಎ.ವಿ.ಯಿಂದ ಎಚ್.ಡಿ.ಎಂ.ಐ.ಗೆ ಬದಲಾಯಿಸುವ ಅಂಗೈಯಗಲದ ಅಗ್ಗದ ಡಬ್ಬಿ. ಟಿ.ವಿ.ಯಲ್ಲಿ ಹಳದಿ ತೂತೇ ಇಲ್ಲದಿದ್ದರೆ ಚಿತ್ರ ಮೂಡಿಸಲು ಅದು ಸಾಕು. ಆದರೆ ಹೊಸ ಟಿ.ವಿ. ಮಾಡುವ ಹೆಣೆಯುವ ತಪ್ಪನ್ನೇ ಇಂಥ ಡಬ್ಬಿಗಳಲ್ಲಿ ಹೆಚ್ಚಿನವೂ ಮಾಡುತ್ತವೆ. ನೋಡಲು ಒಂದೇ ಥರ ಇರುವ, ಎಚ್.ಡಿ.ಎಂ.ಐ.ಯಿಂದ ಎ.ವಿ.ಗೆ ಬದಲಾಯಿಸುವ ಡಬ್ಬಿಯೂ ಅದರ ಪಕ್ಕದಲ್ಲೇ ಇರುತ್ತದೆ. ದಿಕ್ಕು ತಪ್ಪಿದರೆ ಉಪಯೋಗಕ್ಕೆ ಬಾರದು.

ಆಟಕ್ಕೆಂದೇ ಮಾಡಿದವುಗಳಲ್ಲಿ ಓ.ಎಸ್.ಎಸ್.ಸಿ. ಎಂಬುದು ಎಲ್ಲರಿಗೂ ತೆರೆದಿಟ್ಟ ವಿನ್ಯಾಸದ್ದು. ಅದು ಪೂರ್ಣ ಚಿತ್ರಕ್ಕಾಗಿ ಕಾಯದೆ, ಬಂದ ಗೆರೆಯನ್ನು ಬಂದ ಹಾಗೆಯೇ ಎರಡು, ಮೂರು, ನಾಲ್ಕು, ಐದು ಪಟ್ಟು ಮಾಡಿ ಕಳಿಸುತ್ತದೆ. ಆದ್ದರಿಂದ ತಡ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹಳದಿ ಪಿನ್ನನ್ನು ನೇರವಾಗಿ ಸ್ವೀಕರಿಸುವುದಿಲ್ಲ. ಅದು ಕೊಡುವ ಸಂಕೇತವನ್ನು ಕೆಲವು ಟಿ.ವಿ.ಗಳು ಒಪ್ಪುವುದೂ ಇಲ್ಲ. ರೆಟ್ರೊಟಿಂಕ್ ಹೆಸರಿನ ಪೆಟ್ಟಿಗೆಗಳಲ್ಲಿ ಚಿಕ್ಕದಾದ 2ಎಕ್ಸ್ ಕಾಂಪೋಸಿಟ್, ಎಸ್-ವಿಡಿಯೊ, ಕಾಂಪೊನೆಂಟ್ ಮೂರನ್ನೂ ತೆಗೆದುಕೊಳ್ಳುತ್ತದೆ. 2021ರ 5ಎಕ್ಸ್ ಇವುಗಳ ಜೊತೆ ಆರ್.ಜಿ.ಬಿ.ಯನ್ನೂ ಸ್ವೀಕರಿಸುತ್ತದೆ. 2023ರ ಡಿಸೆಂಬರಿನಲ್ಲಿ ಬಂದ 4ಕೆ ಮಾದರಿ ಹಳೆಯ ಟ್ಯೂಬಿನ ಸಂದುಗೆರೆ ಮತ್ತು ಬಣ್ಣದ ಜಾಲರಿಯನ್ನು ಹೊಸ ಪರದೆಯ ಮೇಲೆ ಅನುಕರಿಸಿ ತೋರಿಸಬಲ್ಲದು. ಅದರ ಆರಂಭದ ಬೆಲೆ 750 ಡಾಲರ್; ಸಾಗಣೆ, ಸುಂಕ ಬೇರೆ. ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಅಭ್ಯಾಸವಿರುವವರು ಜಿ.ಬಿ.ಎಸ್.-8200 ಎಂಬ ಅಗ್ಗದ ಬೋರ್ಡಿಗೆ ಜಿ.ಬಿ.ಎಸ್.-ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಜೋಡಿಸಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಫಲ ಪಡೆಯುತ್ತಾರೆ.

ಚುಕ್ಕೆಗಳ ಲೆಕ್ಕ

ಚುಕ್ಕೆ ರಂಗೋಲಿಯನ್ನು ದೊಡ್ಡದಾಗಿ ಬರೆಯುವಾಗ ಪ್ರತಿ ಚುಕ್ಕೆಯ ಅಂತರವನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಇಲ್ಲವಾದರೆ ಎಳೆ ಸೊಟ್ಟಗಾಗುತ್ತದೆ. ಇಲ್ಲಿಯೂ ಹಾಗೆಯೇ. 240ನ್ನು ಮೂರರಿಂದ ಗುಣಿಸಿದರೆ 720 ಸರಿಯಾಗಿ ಬರುತ್ತದೆ. ಪೂರ್ಣ ಎಚ್.ಡಿ.ಯ 1080ಕ್ಕೆ ಮಾತ್ರ ನಾಲ್ಕೂವರೆ ಪಟ್ಟು ಬೇಕು. ಆಗ ಕೆಲವು ಗೆರೆ ದಪ್ಪ, ಕೆಲವು ತೆಳು ಆಗುತ್ತವೆ. ನಾಲ್ಕು ಪಟ್ಟು ಮಾಡಿ ಮೇಲೆ ಕೆಳಗೆ ಕಪ್ಪು ಅಂಚು ಬಿಡಬಹುದು. ಇಲ್ಲವೆ ಐದು ಪಟ್ಟು ಮಾಡಿ ಅಂಚಿನ ಒಟ್ಟು 24 ಗೆರೆ ಕತ್ತರಿಸಬಹುದು. 4ಕೆ ಟಿ.ವಿ.ಯ 2160 ಸರಿಯಾಗಿ ಒಂಬತ್ತು ಪಟ್ಟು. ಅಗಲದ ವಿಷಯದಲ್ಲಿ, ಈ ಆಟಗಳು ನಾಲ್ಕಕ್ಕೆ ಮೂರರ ಪರದೆಗೆಂದು ಬರೆದವು. ಟಿ.ವಿ. ತುಂಬ ಹಿಗ್ಗಿಸಿದರೆ ಮಾರಿಯೊ ಕುಳ್ಳನಾಗಿ ದಪ್ಪಗಾಗುತ್ತಾನೆ. ಎರಡು ಬದಿಯ ಕಪ್ಪು ಪಟ್ಟಿಯನ್ನು ಒಪ್ಪಿಕೊಳ್ಳುವುದೇ ಸರಿ.

ಹಾಗಾದರೆ ಯಾರಿಗೆ ಯಾವುದು?

ವರ್ಷಕ್ಕೆ ಎರಡು ಸಲ ಮಕ್ಕಳಿಗೆ ತೋರಿಸಲು ಆಡುವವರಿಗೆ ಅಗ್ಗದ ಡಬ್ಬಿ ಮತ್ತು ಗೇಮ್ ಮೋಡ್ ಸಾಕು. ಹಳದಿ ಪಿನ್ನಿನ ಯಂತ್ರ ಒಂದೇ ಇದ್ದು, ಆಗಾಗ ಆಡುವವರು ಕಾಂಪೋಸಿಟ್ ಸ್ವೀಕರಿಸಿ 240ಪಿಯನ್ನು ಸರಿಯಾಗಿ ಗುರುತಿಸುವ ಚಿಕ್ಕ ಪೆಟ್ಟಿಗೆ ಕೊಳ್ಳಬಹುದು. ಆರ್.ಜಿ.ಬಿ. ಕೊಡುವ ಹಲವು ಯಂತ್ರಗಳಿರುವವರು ಓ.ಎಸ್.ಎಸ್.ಸಿ. ಅಥವಾ 5ಎಕ್ಸ್ ಮಟ್ಟದ್ದನ್ನು ಯೋಚಿಸಬಹುದು. ದೊಡ್ಡ 4ಕೆ ಟಿ.ವಿ. ಇಲ್ಲದವರು ದುಬಾರಿ 4ಕೆ ಪೆಟ್ಟಿಗೆಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ನಮ್ಮ ಊರಿನ ಯಂತ್ರವಾದರೆ, ಯಾವ ಪೆಟ್ಟಿಗೆಯೇ ಆಗಲಿ ಪಾಲ್ ಬಣ್ಣವನ್ನೂ 50 ಹರ್ಟ್ಸ್ ವೇಗವನ್ನೂ ಒಪ್ಪುತ್ತದೆಯೇ, ಅದು ಕಳಿಸುವ 50 ಹರ್ಟ್ಸ್ ಸಂಕೇತವನ್ನು ನಿಮ್ಮ ಟಿ.ವಿ. ಒಪ್ಪುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಕೊಳ್ಳುವ ಕ್ರಮವೂ ಇದೇ ಆಗಿರಲಿ: ಮೊದಲು ಗೇಮ್ ಮೋಡ್, ನಂತರ ಒಳ್ಳೆಯ ತಂತಿ, ಅದೂ ಸಾಲದಿದ್ದರೆ ಪೆಟ್ಟಿಗೆ. ಪಿಕ್ಚರ್ ಟ್ಯೂಬಿನ ಟಿ.ವಿ.ಗಳು ವರ್ಷವರ್ಷಕ್ಕೂ ಗುಜರಿ ಸೇರುತ್ತಿವೆ, ಹೊಸದಾಗಿ ತಯಾರಾಗುತ್ತಿಲ್ಲ. ಯಂತ್ರಗಳಾದರೋ ಇನ್ನೂ ಗಟ್ಟಿಯಾಗಿವೆ. ಹೀಗಿರುವಾಗ, ಪರದೆ ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಕೆಲಸ ಮಾಡುವ ಯಂತ್ರವನ್ನು ತೂಕಕ್ಕೆ ಹಾಕುವ ಮುನ್ನ, ಪರಿಚಯದವರ ಮನೆಯ ಹಳೆಯ ಟಿ.ವಿ.ಗೆ ಒಮ್ಮೆ ಜೋಡಿಸಿ ನೋಡಿ. ಕೆಟ್ಟಿರುವುದು ಯಾವುದು ಎಂಬುದು ಆಗ ಐದು ನಿಮಿಷದಲ್ಲಿ ತಿಳಿಯುತ್ತದೆ.