ಹೆಂಚಿನ ಮನೆ ಸೋರುವುದೇಕೆ?

ಒಣಗಿದ ಹೆಂಚೊಂದನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದರೆ ಅದರ ತೂಕ ಹೆಚ್ಚಿರುವುದನ್ನು ಕಾಣುತ್ತೇವೆ. ಸುಟ್ಟ ಜೇಡಿಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಹೆಂಚು ನೀರು ಕುಡಿಯುತ್ತದೆ. ಒಂದು ಹೆಂಚಿಗೂ ಪಕ್ಕದ ಹೆಂಚಿಗೂ ನಡುವೆ ಸಂದುಗಳು ಬೇರೆ. ಹೀಗಿದ್ದರೂ ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯಲ್ಲಿ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿ, ಹಲವು ಮಳೆಗಾಲಗಳನ್ನು ಕಂಡ ಹೆಂಚಿನ ಮನೆಗಳು ಇಂದಿಗೂ ನಿಂತಿವೆ. ಸಂದುಗಳಿಂದಲೇ ಕೂಡಿದ ಮಾಡು ಸೋರದೆ ಇರುವುದಾದರೂ ಹೇಗೆ? ಇದನ್ನು ತಿಳಿದರೆ ಸೋರುವುದೇಕೆ ಎಂಬುದೂ ತಾನಾಗಿ ತಿಳಿಯುತ್ತದೆ.

ಹೆಂಚಿನ ಮಾಡು ಪಾತ್ರೆಯಲ್ಲ. ನೀರನ್ನು ಹಿಡಿದಿಡುವುದು ಅದರ ಕೆಲಸವೂ ಅಲ್ಲ. ಬಿದ್ದ ನೀರನ್ನು ತಡಮಾಡದೆ ಸೂರಿನಿಂದಾಚೆಗೆ ಸಾಗಿಸುವುದಷ್ಟೇ ಅದರ ಹೊಣೆ. ನೆಲದ ಅಳತೆಯಲ್ಲಿ 100 ಚದರ ಮೀಟರ್ ಆವರಿಸಿದ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರಾಗುತ್ತದೆ. 25 ಮಿಲಿಮೀಟರ್ ಸುರಿದರೆ 2,500 ಲೀಟರ್! ಇಷ್ಟೂ ನೀರು ಹರಿಯುತ್ತಿರುವವರೆಗೆ ಭಯವಿಲ್ಲ. ಅದು ಎಲ್ಲಿ ನಿಲ್ಲುವುದೋ ಅಲ್ಲಿ ಸೋರಿಕೆಗೆ ಮೊದಲಾಗುತ್ತದೆ.

ಮೇಲಿನ ಸಾಲಿನ ಹೆಂಚು ಕೆಳಗಿನ ಸಾಲಿನ ಹೆಂಚನ್ನು ಏಳೆಂಟು ಸೆಂಟಿಮೀಟರಿನಷ್ಟು ಹೊದ್ದಿರುತ್ತದೆ. ಈ ಎರಡರ ನಡುವಣ ಇಕ್ಕಟ್ಟಿನಲ್ಲಿ ನೀರು ಮೇಲಕ್ಕೂ ಏರಬಲ್ಲದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದೂ. ವಿಜ್ಞಾನಿಗಳು ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಸಂದು ಒಂದು ಮಿಲಿಮೀಟರ್ ಅಗಲವಿದ್ದರೆ ನೀರು ನೆಟ್ಟಗೆ ಸುಮಾರು 15 ಮಿಲಿಮೀಟರ್ ಏರುತ್ತದೆ. ಮಾಡಿನ ಇಳಿಜಾರು 30 ಡಿಗ್ರಿಯಾದರೆ ಅಷ್ಟು ಎತ್ತರಕ್ಕೇರಲು ಹೆಂಚಿನ ಮೈಮೇಲೆ 30 ಮಿಲಿಮೀಟರ್ ಸಾಗಬೇಕು. ಹೊದಿಕೆಯ ಅರ್ಧವನ್ನೂ ಅದು ದಾಟಲಾರದು. ಇಳಿಜಾರು 15 ಡಿಗ್ರಿಗೆ ಇಳಿದರೆ ಅದೇ ನೀರು 58 ಮಿಲಿಮೀಟರ್ ಹಿಂದಕ್ಕೆ ಹೋಗುತ್ತದೆ. ಧೂಳು ತುಂಬಿ ಸಂದು ಅರ್ಧ ಮಿಲಿಮೀಟರಿಗೆ ಕಿರಿದಾಯಿತೆನ್ನೋಣ: ಆಗ ಏರುವ ಎತ್ತರ ಇಮ್ಮಡಿಯಾಗುತ್ತದೆ, ಸಪಾಟಾದ ಮಾಡಿನಲ್ಲಿ ನೀರು ಹೊದಿಕೆಯನ್ನು ದಾಟಿ ಒಳಗಿಳಿಯುತ್ತದೆ. ಸಂದು ಚಿಕ್ಕದಾದಷ್ಟೂ ಒಳ್ಳೆಯದೆಂಬ ನಮ್ಮ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚನ್ನು ತಿರುಗಿಸಿ ನೋಡಿದರೆ ಅದರ ಅಂಚುಗಳಲ್ಲಿ ಏಣುಗಳೂ ಗಾಡಿಗಳೂ ಕಾಣುತ್ತವೆ. ಇವು ಅಲಂಕಾರಕ್ಕಲ್ಲ. ಒಂದು ಹೆಂಚು ಇನ್ನೊಂದರೊಡನೆ ಕೊಂಡಿ ಹಾಕಿಕೊಳ್ಳಲು ಅವು ನೆರವಾಗುತ್ತವೆ. ಜೊತೆಗೆ ಗಾಡಿಯಿರುವಲ್ಲಿ ಸಂದು ಥಟ್ಟನೆ ಅಗಲವಾಗುವುದರಿಂದ ತೆವಳಿ ಬಂದ ನೀರು ಅಲ್ಲಿಯೇ ತಡೆದು ಕೆಳಮುಖವಾಗಿ ಹರಿದುಹೋಗುತ್ತದೆ. ಗಾಡಿಯಲ್ಲಿ ಮಣ್ಣು ತುಂಬಿದರೆ ಈ ಉಪಾಯವೆಲ್ಲ ವ್ಯರ್ಥ.

ಇನ್ನು ನಿಂತ ನೀರಿನ ವಿಷಯ. ಹಿಮ ಬೀಳುವ ದೇಶಗಳಲ್ಲಿ ಮನೆಯೊಳಗಣ ಶಾಖವು ಮೇಲೇರಿ ಮಾಡಿನ ಮೇಲಿನ ಹಿಮವನ್ನು ಕರಗಿಸುತ್ತದೆ. ಆ ನೀರು ಕೆಳಗೆ ಹರಿದು, ತಣ್ಣಗಿರುವ ಸೂರಿನ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಕಟ್ಟೆಯ ಹಿಂದೆ ನಿಂತ ನೀರು ಹೊದಿಕೆಯಡಿಯಲ್ಲಿ ನುಸುಳಿ ಮನೆಯೊಳಗೆ ಬರುತ್ತದೆ. ಅಟ್ಟದ ನೆಲಕ್ಕೆ ಶಾಖನಿರೋಧಕವನ್ನು ಹೊದಿಸಿ, ಮಾಡಿನ ಕೆಳಗೆ ತಂಗಾಳಿಯಾಡುವಂತೆ ಮಾಡುವುದು ಅಲ್ಲಿಯವರು ಚಳಿಗಾಲಕ್ಕೆ ಮುನ್ನ ಕೈಗೊಳ್ಳುವ ಉಪಾಯ. ನಮ್ಮಲ್ಲಿ ಹಿಮದ ಕೆಲಸವನ್ನು ತರಗೆಲೆ ಮಾಡುತ್ತದೆ. ಹೊಂಗೆಯ ಎಲೆ ಮತ್ತು ಹೂವು, ಬೇವಿನ ಕಡ್ಡಿ, ಅಳಿಲಿನ ಗೂಡಿನ ನಾರು ಇವೆಲ್ಲ ಸೇರಿ ಕಟ್ಟೆ ಕಟ್ಟುತ್ತವೆ. ಹುಣಸೆಯ ಎಲೆ ಬಲು ಪುಟ್ಟದಾದುದರಿಂದ ಸಂದುಗಳೊಳಕ್ಕೇ ಇಳಿದು ಮೆತ್ತಿಕೊಳ್ಳುತ್ತದೆ. ಬೇಸಗೆಯ ಗುಡುಗು ಮಳೆಯೊಡನೆ ಆಲಿಕಲ್ಲು ಬಿದ್ದರಂತೂ, ಕಸದ ಹಿಂದೆ ಅದರ ರಾಶಿ ಸೇರಿ, ಸ್ವಲ್ಪ ಹೊತ್ತು ನಿಜವಾದ ಹಿಮಗಟ್ಟೆಯೇ ಆಗುತ್ತದೆ! ಹೀಗೆ ನಿಂತ ನೀರಿನ ಮಟ್ಟ 5 ಸೆಂಟಿಮೀಟರ್ ಏರಿದರೆ 30 ಡಿಗ್ರಿಯ ಮಾಡಿನಲ್ಲಿಯೂ ಅದು 10 ಸೆಂಟಿಮೀಟರ್ ಹಿಂದಕ್ಕೆ ಹಬ್ಬುತ್ತದೆ. ಹೊದಿಕೆ ಇರುವುದು ಏಳೆಂಟು ಸೆಂಟಿಮೀಟರ್ ಮಾತ್ರ.

ತೊಟ್ಟಿಮನೆಗಳಲ್ಲಿ ಈ ಅಪಾಯ ಅಧಿಕ. ಅಲ್ಲಿ ನಾಲ್ಕು ಕಡೆಯ ಮಾಡುಗಳು ಒಳಗಿನ ತೊಟ್ಟಿಯತ್ತ ಇಳಿಯುತ್ತವೆ. ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ಎರಡು ಕಡೆಯ ನೀರೂ ಒಂದೇ ದೋಣಿಯಲ್ಲಿ ಹರಿಯಬೇಕು. ಆ ದೋಣಿಯ ಇಳಿಜಾರಾದರೋ ಮಾಡಿನ ಇಳಿಜಾರಿಗಿಂತ ಕಡಿಮೆ. ನೀರು ಹೆಚ್ಚು, ವೇಗ ಕಡಿಮೆ. ಕಸ ನಿಲ್ಲುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಯಾವುದು?

ಆದುದರಿಂದಲೇ ಯುಗಾದಿ ಕಳೆದು, ಏಪ್ರಿಲ್ ಕೊನೆಯ ಭರಣಿ ಮಳೆ ಹುಟ್ಟುವುದರೊಳಗೆ ಹೆಂಚು ಕೈಯಾಡಿಸುವ ವಾಡಿಕೆ ಬೆಳೆದುಬಂದಿದೆ. ಹೆಂಚುಗಳನ್ನು ತೆಗೆದು, ಗುಡಿಸಿ, ಒಡೆದುದನ್ನು ಬದಲಿಸಿ, ಮತ್ತೆ ಸಾಲಾಗಿ ಹೊದಿಸುವ ಕೆಲಸವಿದು. ಮೊದಲು ನಡುಹಗಲಿನಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗಿನಿಂದ ಮೇಲೆ ನೋಡಬೇಕು. ಬೆಳಕಿನ ಚುಕ್ಕಿ ಕಂಡಲ್ಲಿ ಹೆಂಚು ಸರಿದಿರುವ ಅಥವಾ ಒಡೆದಿರುವ ಸಂಭವವುಂಟು. ಅದರ ಕೆಳಗಿನ ಮರದ ಪಟ್ಟಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ನೀರಿನ ಕಲೆಯನ್ನು ಮಾತ್ರ ನಂಬಬಾರದು. ಒಳಹೊಕ್ಕ ನೀರು ಮರದ ಅಡಿಯಲ್ಲಿ ಅಂಟಿಕೊಂಡು ಬಹುದೂರ ಹರಿದು ತೊಟ್ಟಿಕ್ಕುವುದರಿಂದ, ಕಾರಣವು ಕಲೆಗಿಂತ ಮೇಲಿನ ಕಡೆ ಇರುತ್ತದೆ.

ಸಂದುಗಳಿಗೆ ಸಿಮೆಂಟು ಮೆತ್ತುವ ಚಾಳಿಯನ್ನು ನಾವು ಒಪ್ಪುವುದಿಲ್ಲ. ಹೆಂಚುಗಳು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತವೆ, ಮರವೂ ಅಲುಗುತ್ತದೆ, ಸಿಮೆಂಟು ಬಿರಿಯುತ್ತದೆ. ಉಳಿದ ಗಾರೆ ನೀರಿಗೆ ಇನ್ನೊಂದು ಕಟ್ಟೆಯಾಗುತ್ತದೆ. ಮಾಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ಕಲ್ಲು ಹೇರುವುದು ಒಂದೆರಡು ದಿನದ ಉಪಶಮನಕ್ಕೆ ಸಾಕು, ಅದಕ್ಕಿಂತ ಹೆಚ್ಚಲ್ಲ.

ಸೋರಿಕೆ ಕೇವಲ ಹಾಸಿಗೆ ನೆನೆಯುವ ತೊಂದರೆಯಲ್ಲ. ಮರದಲ್ಲಿ ತೇವ ಶೇಕಡಾ 20ನ್ನು ಮೀರಿ ನಿಂತರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲು ಎಡೆಯಾಗುತ್ತದೆ. ತೊಲೆ ಜಂತೆಗಳು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಬಹುದು. ಮಣ್ಣಿನ ಗೋಡೆಯ ಸ್ಥಿತಿ ಇನ್ನೂ ಕಠಿನ: ಒಣಗಿದಾಗ ಹೊರೆ ಹೊರುವ ಜೇಡಿ, ನೆನೆದಾಗ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. 2019ರ ಆಗಸ್ಟಿನ ಭಾರಿ ಮಳೆಯಲ್ಲಿ ಲಕ್ಷ್ಮಣತೀರ್ಥ, ಕಬಿನಿಗಳು ತುಂಬಿ ಹರಿದಾಗ ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆ ಅನೇಕ ಮನೆಗಳು ಕುಸಿದವು. ಅಂತಹ ನೆರೆಯನ್ನು ಯಾವ ಹೆಂಚೂ ತಡೆಯಲಾರದು. ಆದರೆ ಗೋಡೆಯ ನೆತ್ತಿಯಿಂದ ವರ್ಷವರ್ಷವೂ ಇಳಿಯುವ ನೀರನ್ನು ತಡೆಯುವುದು ಒಂದೆರಡು ದಿನದ ಕೆಲಸ.

ಈ ಕೆಲಸಕ್ಕೆ ಒಬ್ಬರೇ ಹತ್ತಬಾರದು. ಒದ್ದೆಯಾದ ಅಥವಾ ಪಾಚಿ ಹಿಡಿದ ಹೆಂಚಿನ ಮೇಲಂತೂ ಕಾಲಿಡಲೇಬಾರದು. ಹೆಂಚಿನ ನಡುವೆ ತುಳಿಯದೆ, ಜಂತೆಗಳ ಮೇಲೆ ಭಾರ ಬೀಳುವಂತೆ ಹಲಗೆ ಹಾಸಿಕೊಂಡು ನಡೆಯಬೇಕು. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿ ಸೂರಿನ ಯಾವ ಕಡೆಯಿದೆ ಎಂಬುದನ್ನು ಏಣಿ ಇಡುವ ಮೊದಲೇ ನೋಡಿಕೊಂಡಿರಬೇಕು.